ಹೊಸ್ತಿಲಿಗಿಂತ ಮೇಲೊಂದು ಕೆಂಪು ಗೆರೆ

"ಯಾರ್ರೀ ಅದು? ಕೈ ತಗೀರಿ ಮೊದಲ! ಬ್ರಷ್ ಕೆಳಗ ಇಡ್ರಿ!"

ಬೆಳಗಾವಿಯ ಶಿವಬಸವ ನಗರದ ಆ ಓಣಿಯಲ್ಲಿ ಸಾಕ್ಷಿಯ ದನಿ ಏರಿತೆಂದರೆ ಅವಳ ಗಿರಣಿಯ ಕಲ್ಲು ಕೂಡ ಒಂದು ಸುತ್ತು ತಡೆದು ತಿರುಗುತ್ತದೆ ಎಂದು ಜನ ನಗೆಯಾಡುತ್ತಿದ್ದರು. ಆ ಬೆಳಿಗ್ಗೆ ಮಾತ್ರ ಯಾರೂ ನಗಲಿಲ್ಲ.

ವಿದ್ಯುತ್ ಕಂಬದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ ಯುವಕ ಬೆಚ್ಚಿ ತಿರುಗಿದ. ತಿರುಗುವ ರಭಸಕ್ಕೆ ಕೈಯಲ್ಲಿದ್ದ ಬ್ರಷ್ ಅವನ ಬಿಳಿ ಅಂಗಿಗೇ ಉದ್ದಕ್ಕೆ ಕೆಂಪು ಬಣ್ಣ ಬಳಿಯಿತು.

ಎದುರಿಗೆ ಒಬ್ಬ ಹುಡುಗಿ ನಿಂತಿದ್ದಳು... ಹುಬ್ಬು, ರೆಪ್ಪೆ, ಮೂಗಿನ ತುದಿ, ಎಲ್ಲ ಕಡೆ ಜೋಳದ ಹಿಟ್ಟು! ಆ ಬಿಳುಪಿನ ನಡುವೆ ಎರಡು ಕಣ್ಣು ಮಾತ್ರ ಕೆಂಡದಂತೆ ಉರಿಯುತ್ತಿದ್ದವು.

ಅವನ ಎದೆ ಝಲ್ಲೆಂದಿತು. ಹೆದರಿಕೆಯೋ, ಬೆರಗೋ, ಅವನಿಗೇ ತಿಳಿಯಲಿಲ್ಲ.

"ನಾನು... ಸುಜಯ ರೀ. ಈ ರಸ್ತೆ ಕೆಲಸದ ಇಂಜಿನಿಯರ್. ಹೊಸದಾಗಿ ಬಂದೀನಿ."

"ಬಂದೀರಿ, ಚಲೋ ಆತು. ಕಂಬಕ್ಕ ಗೆರಿ ಯಾಕ ಹೊಡ್ಯಾಕತ್ತೀರಿ?"

"ಹೊಸ ಕಾಂಕ್ರೀಟ್ ರಸ್ತೆ ಇಲ್ಲೀತನಕ ಏರತದ್ರಿ. ಅದರ ಗುರ್ತು."

ಸಾಕ್ಷಿ ಗೆರೆ ನೋಡಿದಳು. ಪಕ್ಕದಲ್ಲೇ ಇದ್ದ ತನ್ನ ಗಿರಣಿಯ ಹೊಸ್ತಿಲು ನೋಡಿದಳು. ಗೆರೆ ಹೊಸ್ತಿಲಿಗಿಂತ ಒಂದು ಗೇಣು ಮೇಲಿತ್ತು!

ಅವಳ ಜೀವ ಬಾಯಿಗೆ ಬಂತು.

ಈ ಗಿರಣಿ ಅವಳ ಅಜ್ಜ ಹಾಕಿದ್ದು. ಅಪ್ಪ ಗುರುಪುತ್ರಪ್ಪ ಉಸಿರಿರುವ ತನಕ ನಡೆಸಿದ್ದು. ಈಗ ಅವಳೂ ಅವಳ ಅಜ್ಜಿ ಕಾಶವ್ವನೂ ಅದರ ಮೇಲೆಯೇ ಬದುಕಿದ್ದರು. ಮುಂದೆ ಗಿರಣಿ, ಹಿಂದೆ ಎರಡು ಕೋಣೆಯ ಮನೆ. ಪ್ರತಿ ಸಲ ಹಳೆಯ ಡಾಂಬರಿನ ಮೇಲೆಯೇ ಹೊಸ ಡಾಂಬರು ಸುರಿದು ಸುರಿದು ರಸ್ತೆ ಏರುತ್ತಾ ಹೋಗಿತ್ತು, ಮನೆ ತಗ್ಗಿಗೆ ಇಳಿಯುತ್ತಾ ಬಂದಿತ್ತು. ಹೋದ ಮಳೆಗಾಲದಲ್ಲಿ ನೀರು ಹೊಸ್ತಿಲ ತನಕ ಬಂದು, ಕರುಣೆ ತೋರಿದ ಹಾಗೆ ತಿರುಗಿ ಹೋಗಿತ್ತು. ಇನ್ನೊಂದು ಗೇಣು ಏರಿದರೆ? ಮೋಟಾರು ಸುಟ್ಟೀತು, ಮಂದಿ ತಂದಿಟ್ಟ ಕಾಳು ಕೊಳೆತೀತು, ಗಿರಣಿ ಮುಚ್ಚೀತು.

"ಈ ಗೆರಿ ಯಾರು ಮಂಜೂರು ಮಾಡಿದ್ದು? ಕೆಲಸದ ಬೋರ್ಡ್ ಎಲ್ಲೈತಿ? ಪ್ಲ್ಯಾನ್ ಎಲ್ಲೈತಿ? ಓಣ್ಯಾಗಿನ ಮಂದೀನ ಯಾರು ಕೇಳಿದ್ರು?"

"ಗುತ್ತಿಗೆದಾರ ರಾಮಲಿಂಗ ಅವರು ಅಳತಿ ಕೊಟ್ರು... ನಾನು..."

"ಅವರು ಕೊಟ್ರು, ನೀವು ಬಳದ್ರಿ! ಹಂಗಾರ ಇಂಜಿನಿಯರ್ ಯಾರ್ರೀ? ಅವರೋ, ನೀವೋ?"

ಸುತ್ತ ಜನ ಸೇರಿತ್ತು. ಸರಕಾರಿ ಕೆಲಸಕ್ಕೆ ಅಡ್ಡಿ ಮಾಡಬೇಡ ಎಂದು ಅವನು ಗದರಬಹುದಿತ್ತು. ಪೊಲೀಸರ ಹೆಸರು ಹೇಳಬಹುದಿತ್ತು. ಅವನಿಗಿಂತ ಮುಂಚೆ ಬಂದವರೆಲ್ಲ ಅದನ್ನೇ ಮಾಡಿದ್ದರು. ಸುಜಯ ಬಣ್ಣದ ಡಬ್ಬಿಯ ಮುಚ್ಚಳ ಹಾಕಿ ಎದ್ದು ನಿಂತ.

"ನೀವು ಕೇಳಿದ್ದು ಖರೇ ಐತ್ರಿ. ಪ್ಲ್ಯಾನ್ ತಗದು ನಾನು ನೋಡಿಲ್ಲ. ತಪ್ಪು ನಂದು. ನಾಳೆ ಇಲ್ಲೇ ತರ್ತೀನಿ, ಎಲ್ಲಾರೂ ಕೂಡಿ ನೋಡೂಣು."

ಸರಕಾರದ ಮನುಷ್ಯನ ಬಾಯಲ್ಲಿ 'ತಪ್ಪು ನಂದು' ಎಂಬ ಮಾತು! ಸಾಕ್ಷಿಗೆ ತನ್ನ ಕಿವಿಯ ಮೇಲೆಯೇ ಅನುಮಾನ ಬಂತು.

"ನಾಳೆ ಅಂದ್ರ ಸರಕಾರದ ನಾಳೇನೋ, ಮಂದಿ ನಾಳೇನೋ?"

ಅವನು ನಕ್ಕ. "ಮಂದಿ ನಾಳೇನ ರೀ."

ಆ ನಗೆ ನೋಡಿ ಸಾಕ್ಷಿಯ ಸಿಟ್ಟು ಒಂದು ಹೆಜ್ಜೆ ಹಿಂದೆ ಸರಿಯಿತು. 'ಏ ಹುಚ್ಚಿ, ಎದುರಿಗೆ ನಿಂತಾವ ರಸ್ತಿ ಸಾಹೇಬ!' ಎಂದು ತನ್ನನ್ನೇ ಬೈದುಕೊಂಡು ಒಳಗೆ ಹೋದಳು.

ಮರುದಿನ ಅವನು ಬಂದ... ಖರೇನೇ ಬಂದ!

ಜೋಳದ ಚೀಲಗಳ ಮೇಲೆ ಪ್ಲ್ಯಾನ್ ಹಾಸಿದ. ಬಾಜೂ ಮನೆಯ ಬಿಲ್ಕೀಸ ಚಾಚಿ ಕನ್ನಡಕ ಏರಿಸಿಕೊಂಡು ಬಂದಳು. ಕಾಶವ್ವ ಕೋಲೂರಿಕೊಂಡು ಬಂದಳು. ಓಣಿಗೆ ಓಣಿಯೇ ಬಗ್ಗಿ ನೋಡಿತು.

"ಇಲ್ನೋಡ್ರಿ. ಹಳೇ ರಸ್ತೆ ಪೂರ್ತಿ ಅಗದು ತಗೀಬೇಕು. ಆಮ್ಯಾಲ ಹೊಸಾದು ಹಾಕಬೇಕು. ಮಂಜೂರಾಗಿದ್ದು ಹಂಗ. ಯಾವ ಮನಿ ಹೊಸ್ತಿಲಕ್ಕೂ ನೀರು ಬರಬಾರದು."

"ಮತ್ತ ಆ ಗೆರಿ?" ಎಂದಳು ಸಾಕ್ಷಿ.

ಸುಜಯ ಚಿಂದಿ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಎಲ್ಲರ ಕಣ್ಣೆದುರೇ ಕಂಬದ ಬುಡದಲ್ಲಿ ಕೂತು, ತಾನೇ ಬಳಿದ ಗೆರೆಯನ್ನು ತಿಕ್ಕಿ ತಿಕ್ಕಿ ಅಳಿಸಿದ. ಅದಕ್ಕಿಂತ ಕೆಳಗೆ, ಹೊಸ್ತಿಲಿಗಿಂತಲೂ ಕೆಳಗೆ, ಹೊಸ ಗೆರೆ ಎಳೆದ.

"ತಪ್ಪು ಅಳಸೂ ಸಾಹೇಬನ್ನ ಈ ಕಣ್ಣಿಲೆ ಇದ ಮೊದಲ ನೋಡಿದ್ದು ಯವ್ವಾ!" ಎಂದಳು ಕಾಶವ್ವ.

ಸಾಕ್ಷಿ ಸೀಮೆಎಣ್ಣೆ ಹತ್ತಿದ ಅವನ ಬೆರಳುಗಳನ್ನೇ ನೋಡುತ್ತಾ ನಿಂತಿದ್ದಳು.

ಅಲ್ಲಿಂದ ಶುರುವಾಯಿತು ನೋಡಿ! ಹಿಂದವಾಡಿಯ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದ ಸುಜಯನಿಗೆ ಗೋದಿ ಬೀಸಿಸುವ ಕೆಲಸ ಇದ್ದಕ್ಕಿದ್ದಂತೆ ವಿಪರೀತ ಹೆಚ್ಚಿತು. ಹಿಂದವಾಡಿಯಲ್ಲಿ ಗಿರಣಿಗಳೇ ಇಲ್ಲವೇ? ಇದ್ದವು. ಆದರೆ ಅವನ ಬೈಕು ಊರು ಸುತ್ತಿ ಶಿವಬಸವ ನಗರಕ್ಕೇ ಬಂದು ನಿಲ್ಲುತ್ತಿತ್ತು.

"ಒಬ್ಬಾವ ಇಷ್ಟು ಹಿಟ್ಟು ತಿಂತೀಯೇನಪಾ?" ಕಾಶವ್ವ ಒಂದು ದಿನ ಕೇಳಿಯೇ ಬಿಟ್ಟಳು.

"ಮನಿ ಮಾಲಕರಿಗೂ ಕೊಡ್ತೀನ್ರಿ ಆಯಿ."

"ಅವರೇನಂತಾರ?"

"ಸಾಕೋ ಮಾರಾಯ ಅಂತ ಬಾಗಲಾ ಹಾಕ್ಕೊಂಡಾರ್ರಿ!"

ಸಾಕ್ಷಿ ನಗು ತಡೆಯಲಾರದೆ ಮುಖ ತಿರುಗಿಸಿದಳು. ಬಿಲ್ಕೀಸ ಚಾಚಿ ಅವಳ ಕಿವಿಯ ಬಳಿ ಬಗ್ಗಿದಳು.

"ಹುಡುಗ ಹಿಟ್ಟಿಗೆ ಬರಾಕತ್ತಿಲ್ಲ ಬೇಟಿ. ಹಿಟ್ಟು ಹತ್ತಿದ ಮಾರಿ ನೋಡಾಕ ಬರಾಕತ್ತಾನ!"

"ಚಾಚಿ! ಸುಮ್ನಿರ್ರಿ..."

ಸುಮ್ಮನಿರಲು ಹೇಳಿದ್ದು ಚಾಚಿಗೋ, ಒಳಗೆ ಕುಣಿಯುತ್ತಿದ್ದ ಎದೆಗೋ?

ಒಂದು ಸಂಜೆ, ಗೋದಿ ಬೀಸುವುದು ಮುಗಿದರೂ ಅವನು ಹೋಗಲಿಲ್ಲ. ಹೊಸ್ತಿಲ ಬಳಿ ಕೂತು ಹೇಳಿದ, "ನಮ್ಮೂರು ಖಾನಾಪುರ ರೀ. ನಾವು ಸಾಲಿಗೆ ಹೋಗೂ ಹಾದಿಗೆ ಪ್ರತಿ ವರ್ಷ ಗುದ್ದಲಿ ಪೂಜೆ ಆಗತಿತ್ತು. ಪೇಢೆ ಹಂಚತಿದ್ರು. ರಸ್ತೆ ಮಾತ್ರ ಆಗಲೇ ಇಲ್ಲ. ಪೇಢೆ ತಿಂದ ಮಂದಿ ಬಾಯಿ ತಗೀಲಿಲ್ಲ. ಅದಕ್ಕ ನಾನು ಇಂಜಿನಿಯರ್ ಆದೆ. ಆದ್ರ ಕಚೇರಿಗೆ ಬಂದ ಮ್ಯಾಲ ನಾನೂ ಬಾಯಿ ಮುಚ್ಕೊಂಡ ಇದ್ದೆ... ನೀವು ಒದರೂತನಕ."

"ನಾ ಒದರಿದ್ದಕ್ಕ ಸಿಟ್ಟು ಬರಲಿಲ್ಲೇನ್ರಿ?"

"ಸಿಟ್ಟು?" ಅವನು ಅವಳ ಕಣ್ಣನ್ನೇ ನೋಡಿದ. "ನೀವು ಕೇಳಿದ್ರ ನನಗೂ ಕೇಳೂ ಧೈರ್ಯ ಬರ್ತದ್ರಿ. ಕೇಳೂದು ಬಿಡಬ್ಯಾಡ್ರಿ."

ಜನ್ಮವಿಡೀ ಆಕೆಗೆ ಎಲ್ಲರೂ ಹೇಳಿದ್ದು 'ಹೆಣ್ಣುಮಗಳು, ಇಷ್ಟು ಪ್ರಶ್ನೆ ಯಾಕ?' ಎಂದು. ಪ್ರಶ್ನೆ ಕೇಳುವುದನ್ನು ಬಿಡಬೇಡ ಎಂದವನು ಇವನೊಬ್ಬನೇ. ಅವಳಿಗೆ ಕುಣಿಯಬೇಕೆನ್ನಿಸಿತು!

ಆದರೆ ಜನ ಒಟ್ಟಾಗಿ ಬಗ್ಗಿ ಪ್ಲ್ಯಾನ್ ನೋಡಿದ ಓಣಿಯನ್ನು ಕಂಡರೆ ಕೆಲವರಿಗೆ ಹೊಟ್ಟೆನೋವು. ಅಗೆಯುವ ಕೆಲಸ ತಪ್ಪಿಸಿದರೆ ಯಾರ ಹೊಟ್ಟೆ ತುಂಬುತ್ತದೆ ಎಂದು ತಿಳಿಯಲು ಪಂಚಾಂಗ ತೆಗೆಯಬೇಕಿಲ್ಲ. ಮಂದಿಯ ಬಾಯಿ ಮುಚ್ಚಿಸಲು ಲಾಠಿಯೇ ಬೇಕೆಂದಿಲ್ಲ, ಕೆಲವೊಮ್ಮೆ ಒಂದು ತೆಂಗಿನಕಾಯಿ ಸಾಕು!

ಅಂದು ಸಾಕ್ಷಿ ಗಿರಣಿಯ ಮೋಟಾರಿಗೆ ಹೆಚ್ಚುವರಿ ಬೆಲ್ಟ್ ತರಲು ರವಿವಾರ ಪೇಟೆಗೆ ಹೋಗಿದ್ದಳು. ಅಂಗಡಿಯಲ್ಲಿ ನಿಂತಾಗ ಫೋನ್ ಗುನುಗಿತು. ಓಣಿಯ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂದಿತ್ತು.

'ನಿವಾಸಿಗಳ ಸಂಪೂರ್ಣ ಒಪ್ಪಿಗೆಯೊಂದಿಗೆ ರಸ್ತೆ ಕಾಮಗಾರಿಗೆ ಗುದ್ದಲಿ ಪೂಜೆ!'

ಫೋಟೋದಲ್ಲಿ ಅವಳ ಆಯಿ, ಕಾಶವ್ವ! ಕೈಯಲ್ಲಿ ಗುದ್ದಲಿ, ಕಾಲಬಳಿ ಒಡೆದ ಕಾಯಿ. ಹಿಂದೆ ಶಾಲು ಹೊದ್ದು ಹಲ್ಲು ಕಿರಿದ ರಾಮಲಿಂಗ. ಪಕ್ಕದಲ್ಲಿ... ಎರಡೂ ಕೈಯಲ್ಲಿ ಪೂಜೆಯ ತಾಟು ಹಿಡಿದು ನಿಂತವನು...

ಸುಜಯ.

ಅವಳು ಫೋಟೋವನ್ನು ದೊಡ್ಡದು ಮಾಡಿ ಮತ್ತೆ ನೋಡಿದಳು. 'ನಾ ಇಲ್ಲದ ಹೊತ್ತು ನೋಡಿ... ನಮ್ಮ ಆಯಿ ಕೈಲೇನೇ...!'

ಆಟೋ ಹಿಡಿದು ಓಣಿಗೆ ಬಂದಾಗ ಕಂಬದ ಮೇಲೆ ಕೆಂಪು ಗೆರೆ ಮತ್ತೆ ಏರಿತ್ತು. ಹೊಸ್ತಿಲಿಗಿಂತ ಗೇಣು ಮೇಲೆ. ಹಸಿ ಬಣ್ಣ ಇನ್ನೂ ಇಳಿಯುತ್ತಿತ್ತು. ಗಿರಣಿಯ ಬಾಗಿಲಲ್ಲಿ ಸುಜಯ ಕಾಯುತ್ತಾ ನಿಂತಿದ್ದ. ಮುಖ ಬಾಡಿತ್ತು.

"ಸಾಕ್ಷಿ ಅವರ, ಒಂದ ನಿಮಿಷ ನನ್ನ ಮಾತು ಕೇಳ್ರಿ..."

ಅವಳು ಕೇಳಲಿಲ್ಲ. ನೇರವಾಗಿ ಒಳಗೆ ಹೋಗಿ ಗಿರಣಿಯ ಸ್ವಿಚ್ ಒತ್ತಿದಳು.

ಗಡಗಡಗಡ! ಕಲ್ಲು ತಿರುಗಿತು. ಹಾಕಲು ಕಾಳೇ ಇಲ್ಲದ ಬರಿ ಗಿರಣಿ ಓಣಿಯೆಲ್ಲ ನಡುಗುವಂತೆ ಕೂಗಿತು. ಅವನ ತುಟಿಗಳು ಆಡಿದವು. ಕೈಗಳು ಬೇಡಿದವು. ಕಂಬದ ಕಡೆ ತೋರಿಸಿದ, ಎದೆಯ ಮೇಲೆ ಕೈ ಇಟ್ಟುಕೊಂಡ, ಮತ್ತೇನೋ ಹೇಳಿದ... ಒಂದಕ್ಷರವೂ ಅವಳನ್ನು ಮುಟ್ಟಲಿಲ್ಲ. ಮುಟ್ಟಬಾರದೆಂದೇ ಅವಳು ಅವನಿಗೆ ಬೆನ್ನು ಹಾಕಿ ನಿಂತಿದ್ದಳು.

ತಿರುಗಿ ನೋಡಿದಾಗ ಬಾಗಿಲು ಖಾಲಿಯಾಗಿತ್ತು.

ಅವಳು ಸ್ವಿಚ್ ಆರಿಸಿ, ಚೀಲಕ್ಕೆ ಒರಗಿ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಸುಜಯ ಮತ್ತೆ ಬರಲಿಲ್ಲ. ಅಗೆಯುವ ಯಂತ್ರವೂ ಬರಲಿಲ್ಲ. ಬಂದದ್ದು ಉಸುಕಿನ ರಾಶಿ, ಜಲ್ಲಿಯ ರಾಶಿ. ಹಳೆಯ ರಸ್ತೆಯ ಮೇಲೆಯೇ ಕಾಂಕ್ರೀಟ್ ಸುರಿಯುವ ತಯಾರಿ! ಕೇಳಲು ಹೋದವರಿಗೆಲ್ಲ ರಾಮಲಿಂಗನ ಬಾಯಲ್ಲಿ ಒಂದೇ ಉತ್ತರ.

"ಪೂಜೆ ಮಾಡಿದಾವರು ನೀವ, ಕಾಯಿ ಒಡದಾವರು ನೀವ. ಈಗ ಒಲ್ಲೆ ಅಂದ್ರ ದೇವರು ಮೆಚ್ಚತಾನೇನ್ರಿ?"

ಸುಜಯನನ್ನು ಖಾನಾಪುರದ ಕೆಲಸಕ್ಕೆ ಕಳಿಸಿದ್ದಾರೆ ಎಂಬ ಸುದ್ದಿ ಬಂತು.

"ಸ್ವಂತ ಊರಿಗೇ ಕಳಿಸ್ಯಾರ!" ಸಾಕ್ಷಿ ಕಹಿಯಾಗಿ ನಕ್ಕಳು. "ತಾಟು ಹಿಡಿದಿದ್ದಕ್ಕ ಬಹುಮಾನ!"

ಬಾಗಿಲಲ್ಲಿ ಜೋಳದ ಬುಟ್ಟಿ ಹಿಡಿದು ನಿಂತಿದ್ದ ಬಿಲ್ಕೀಸ ಚಾಚಿ ಬುಟ್ಟಿಯನ್ನು ದಪ್ಪೆಂದು ಕೆಳಗಿಟ್ಟಳು.

"ಬಸ್! ಇನ್ನ ಸಾಕು ಬೇಟಿ. ಇವತ್ತು ನಾ ಹೇಳೂದು ನೀ ಕೇಳಬೇಕು."

"ಇಷ್ಟು ದಿನ ಯಾಕ ಹೇಳಲಿಲ್ಲ ಚಾಚಿ?"

"ಅವನ ಹೆಸರು ತಗದ್ರ ಸಾಕು, ನೀ ಗಿರಣಿ ಚಾಲೂ ಮಾಡ್ತಿ! ಹೆಂಗ ಹೇಳ್ಲೇ?"

ಸಾಕ್ಷಿ ತಲೆ ತಗ್ಗಿಸಿದಳು.

"ನಾ ನಮ್ಮ ಕಿಡಕ್ಯಾಗಿಂದ ಎಲ್ಲಾ ನೋಡೀನಿ. ರಾಮಲಿಂಗ ಬಂದು, 'ಓಣಿಗೆ ಹಿರೇರು ನೀವು, ನಿಮ್ಮ ಕೈಯಾರೆ ಆಗ್ಲಿ' ಅಂತ ನಿಮ್ಮ ಆಯಿ ಕೈಯಾಗ ಕಾಯಿ ಇಟ್ಟ. ಒಡದ ಮ್ಯಾಲ ಒಂದು ಕೈಯಾಗ ಗುದ್ದಲಿ, ಇನ್ನೊಂದರಾಗ ತಾಟು ಕೊಟ್ಟ. ಆ ಹುಡುಗ ಓಡಿ ಬಂದ. 'ಆಯಿ ಬ್ಯಾಡ್ರಿ, ಇದನ್ನ ಒಪ್ಪಿಗಿ ಅಂತ ತೋರಸ್ತಾರ' ಅಂತ ಒದರಿದ. ನಿಮ್ಮ ಆಯಿ ಗಾಬರಿ ಆಗಿ ಕೈಯಾಗಿನ ತಾಟು ಜಾರಿಸಿದ್ರು. ನೆಲಕ್ಕ ಬೀಳೂದ್ರಾಗ ಅವ ಹಿಡದ. ಅಷ್ಟರಾಗ ಫೋಟೋ ಹೊಡದ್ರು. ಫೋಟೋದಾಗ ತಾಟು ಕಾಣಸ್ತದ ಬೇಟಿ... ಬಾಯಾಗಿನ ಮಾತು ಕಾಣಸಂಗಿಲ್ಲ!"

ಸಾಕ್ಷಿ ನಿಧಾನವಾಗಿ ಅಜ್ಜಿಯ ಕಡೆ ತಿರುಗಿದಳು. ಕಾಶವ್ವನ ಕಣ್ಣು ತುಂಬಿತ್ತು.

"ಹೌದವ್ವಾ. ಕೈಯಾಗ ಇಟ್ಟ ಕಾಯಿ ಹೆಂಗ ಹಿಂದ ಕೊಡ್ಲಿ? ಕೊಟ್ರ ಮನಿಗೆ ಕೇಡು ಅಂತ ನಮ್ಮವ್ವ ಹೇಳಿದ್ಲು... ನಿನಗ ಹೇಳಾಕ ನಾಚಿಕಿ ಬಂತು."

ಆ ನೆಲದ ಮರ್ಯಾದೆಯೇ ಹಾಗೆ. ಕೈಗೆ ಬಂದ ಕಾಯಿಯನ್ನು ಮರಳಿಸುವುದಿಲ್ಲ. ಪೂಜೆಯ ತಾಟು ನೆಲಕ್ಕೆ ಬೀಳಲು ಬಿಡುವುದಿಲ್ಲ. ಅಜ್ಜಿ ಒಂದಕ್ಕೆ ಸಿಕ್ಕಿಬಿದ್ದಳು, ಅವನು ಇನ್ನೊಂದಕ್ಕೆ. ಆ ಮರ್ಯಾದೆಯ ನೂಲಿನಿಂದಲೇ ರಾಮಲಿಂಗ ಬಲೆ ಹೆಣೆದಿದ್ದ!

'ಅವ ಹೇಳಾಕ ಬಂದಿದ್ದ... ನಾ ಕೇಳಲಿಲ್ಲ. ಓಣಿಗೆಲ್ಲಾ ಉತ್ತರ ಕೇಳಾಕಿ ನಾನು, ಅವನ ಉತ್ತರ ಕೇಳಲಿಲ್ಲ!'

ಸ್ಕೂಟಿಯ ಕೀಲಿ ಎಲ್ಲಿ? ಹಿಟ್ಟಿನ ಡಬ್ಬಿಯ ಮೇಲೆ! ಮುಖ ಕೂಡ ತೊಳೆಯದೆ ಅವಳು ಹೊರಟೇ ಬಿಟ್ಟಳು.

"ಏ, ಎಲ್ಲಿಗೆ?" ಎಂದಳು ಕಾಶವ್ವ.

"ಖಾನಾಪುರಕ್ಕ!"

"ಮಾರಿ ಒರಸ್ಕೊಂಡರ ಹೋಗವ್ವಾ!"

ಖಾನಾಪುರದ ಕಚೇರಿಯಲ್ಲಿ ಅವನಿರಲಿಲ್ಲ. ಜಾಂಬೋಟಿ ರಸ್ತೆಯಲ್ಲಿ ಮೋರಿ ಕೆಲಸ ನೋಡಲು ಹೋಗಿದ್ದಾನೆ ಎಂದರು. ಅವಳು ಮತ್ತೆ ಸ್ಕೂಟಿ ಏರಿದಳು. ಎರಡೂ ಬದಿಗೆ ಉತ್ತಿಟ್ಟ ಭತ್ತದ ಗದ್ದೆಗಳು. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿತ್ತು. ಮಳೆಗೆ ಮುಂಚೆ ಅವನನ್ನು ಕಾಣಬೇಕು... ಮಳೆಗೆ ಮುಂಚೆ ಓಣಿಯನ್ನು ಉಳಿಸಬೇಕು! ಎರಡು ಅವಸರ ಒಂದೇ ಎದೆಯಲ್ಲಿ ಬಡಿದಾಡುತ್ತಿದ್ದವು.

ರಸ್ತೆಯ ಅಂಚಿನ ಮೋರಿಯೊಳಗೆ ಬಗ್ಗಿ ಅಳತೆ ಹಿಡಿಯುತ್ತಿದ್ದ ಬೆನ್ನೊಂದು ಕಂಡಿತು. ಗುರುತು ಹಿಡಿಯಲು ಅವಳಿಗೆ ಮುಖ ಬೇಕಿರಲಿಲ್ಲ.

"ಸುಜಯ ಅವರ...!"

ದಡಕ್ಕನೆ ಎದ್ದವನ ತಲೆ ಮೋರಿಯ ಕಲ್ಲಿಗೆ ಬಡಿಯಿತು. "ಅಯ್ಯಯ್ಯೋ!" ಎನ್ನುತ್ತಾ, ಮೈಯೆಲ್ಲ ಕೆಸರಾಗಿ ಹೊರಬಂದ. ಅವಳನ್ನು ಕಂಡು ನಿಂತಲ್ಲೇ ನಿಂತ.

"ಇಲ್ಲಿಗೂ ಪ್ರಶ್ನೆ ಕೇಳಾಕ ಬಂದ್ರೇನ್ರಿ?"

"ಒಂದ ಪ್ರಶ್ನೆ." ಅವಳ ಕಣ್ಣು ತುಂಬಿ ಬಂತು. "ಆವತ್ತು ಗಿರಣಿ ಮುಂದ... ಏನ್ ಹೇಳಾಕತ್ತಿದ್ರಿ?"

"ಮೊದಲು, 'ಗಿರಣಿ ಬಂದ್ ಮಾಡ್ರಿ' ಅಂತ ಹೇಳಿದೆ."

ಅಳುವಿನ ನಡುವೆಯೂ ಅವಳಿಗೆ ನಗು ಬಂತು.

"ಆಮ್ಯಾಲ, ಆ ಗೆರಿ ನಾ ಬಳದದ್ದಲ್ಲ ಅಂತ ಹೇಳಿದೆ. ಅಗೀಲಾರದ ಹಾಕಿದ ರಸ್ತೆಗೆ ನಾ ಸಹಿ ಮಾಡಂಗಿಲ್ಲ ಅಂದದ್ದಕ್ಕ ನನ್ನ ಇಲ್ಲಿಗೆ ಕಳಸಾಕತ್ತಾರ ಅಂತ ಹೇಳಿದೆ. ಆಮ್ಯಾಲ..."

"ಆಮ್ಯಾಲ?"

ಸುಜಯ ಗದ್ದೆಯ ಕಡೆ ನೋಡಿದ. ಕಿವಿ ಕೆಂಪಾಯಿತು.

"ಅದನ್ನ ಈಗ ಹೇಳಂಗಿಲ್ರಿ. ಈಗ ಹೇಳಿದ್ರ, 'ಹುಡುಗಿ ಸಲುವಾಗಿ ಇಂಜಿನಿಯರ್ ಸುಳ್ಳ ಹೇಳಾಕತ್ತಾನ' ಅಂತಾರ. ನನ್ನ ಮಾತಿಗೂ ಕಿಮ್ಮತ್ತು ಹೋಗ್ತದ, ನಿಮ್ಮ ಪ್ರಶ್ನೆಗೂ ಕಿಮ್ಮತ್ತು ಹೋಗ್ತದ. ಮೊದಲ ನಿಮ್ಮ ಗಿರಣಿ ಉಳೀಬೇಕು."

ಎಂಥ ಮನುಷ್ಯ ಇವನು! ಅವಳ ಕಣ್ಣೀರು ಕೆನ್ನೆಯ ಹಿಟ್ಟಿನ ಮೇಲೆ ಎರಡು ಹಾದಿ ಮಾಡಿಕೊಂಡು ಇಳಿಯತೊಡಗಿತು.

"ನನ್ನ ತಪ್ಪಾತ್ರಿ..."

"ನಾ ತಪ್ಪು ಮಾಡಿದಾಗ ನೀವು ಬೈದ್ರಿ, ನಾ ತಿದ್ದಕೊಂಡೆ. ಈಗ ಪಾಳಿ ನಿಮ್ದು, ಅಷ್ಟ." ಅವನು ನಕ್ಕ. ಮತ್ತೆ ಗಂಭೀರನಾದ. "ನಾಳೆ ಬೆಳಿಗ್ಗೆ ಕಾಂಕ್ರೀಟ್ ಹಾಕಸಾಕ ದೊಡ್ಡ ಸಾಹೇಬ್ರು ತಾವ ಬರ್ತಾರ. ಅವರಿಗೆ ಮಾತಿಲೆ ತಿಳಿಯಂಗಿಲ್ರಿ. ಈ ಮೋರಿ ನೋಡ್ರಿ, ಕಾಗದದ ಮ್ಯಾಲ ಎಲ್ಲಾ ಸರಿ ಐತಿ. ಆದ್ರ ನೀರಿಗೆ ಓದಾಕ ಬರಂಗಿಲ್ಲ. ಅದು ತಗ್ಗು ನೋಡ್ತದ, ಹರೀತದ."

ಸಾಕ್ಷಿಯ ಕಣ್ಣು ಫಳ್ಳೆಂದು ಮಿಂಚಿತು.

"ಹಂಗಾರ ನೀರಿನ ಕಡೆಯಿಂದನ ಹೇಳಸೂಣು!"

"ಅಂದ್ರ?"

"ನಾಳೆ ನೋಡ್ತೀರಿ. ನೀವು..." ಅವಳು ತಡೆದಳು. "ಬರ್ರಿ ಅಂತ ನಾ ಹೆಂಗ ಕೇಳ್ಲಿ? ನಿಮ್ಮ ನೌಕರಿ..."

"ಕೇಳಬ್ಯಾಡ್ರಿ," ಎಂದ ಅವನು ಮೆಲ್ಲಗೆ. "ಕೇಳದಿದ್ರೂ ಬರಾವ ನಾನು."

ಬೆಳಿಗ್ಗೆ ಕಾಂಕ್ರೀಟ್ ಲಾರಿಗಳು ಗುರುಗುಡುತ್ತಾ ಓಣಿಯ ಬಾಯಿಗೆ ಬಂದು ನಿಂತವು. ದೊಡ್ಡ ಸಾಹೇಬರ ಜೀಪು ಬಂತು. ಅಲ್ಲಿ ಅವರು ಕಂಡದ್ದು ವಿಚಿತ್ರ ನೋಟ.

ಹೆಂಗಸರೆಲ್ಲ ಸೇರಿ ಖಾಲಿ ಹಿಟ್ಟಿನ ಚೀಲಗಳಿಗೆ ರಾಮಲಿಂಗನದೇ ಉಸುಕು ತುಂಬಿ, ಗಿರಣಿಯ ಮುಂದೆ ರಸ್ತೆಯ ಅಗಲಕ್ಕೂ ಕೆಂಪು ಗೆರೆಯ ಎತ್ತರಕ್ಕೆ ಒಟ್ಟಿದ್ದರು! ಅದರ ಮೇಲೆ ತಾಡಪತ್ರಿ ಹಾಸಿದ್ದರು. ಪ್ರತಿ ಮನೆಯ ಮುಂದೆಯೂ ತುಂಬಿದ ಕೊಡಗಳು.

"ಏನ್ ನಡಸೀರಿ ಇದು?" ಎಂದ ರಾಮಲಿಂಗ.

"ನಿನ್ನ ರಸ್ತೆನ ನಿನಗಿಂತ ಮೊದಲ ಹಾಕೀವಪಾ!" ಎಂದಳು ಬಿಲ್ಕೀಸ ಚಾಚಿ.

ಕಾಶವ್ವ ಕೈಮುಗಿದು ಮುಂದೆ ಬಂದಳು. "ಬರ್ರಿ ಸಾಹೇಬ್ರ, ಬಿಸಲಾಗ ಯಾಕ ನಿಂತೀರಿ? ಒಳಗ ಬರ್ರಿ, ಕುಂದರ್ರಿ. ಚಹಾ ಕುಡೀರಿ."

ಬೆಳಗಾವಿಯಲ್ಲಿ ಚಹಾ ಒಲ್ಲೆ ಎನ್ನಲಾದೀತೇ? ಸಾಹೇಬರು ಚೀಲಗಳನ್ನು ದಾಟಿ ಗಿರಣಿಯೊಳಗೆ ಹೋಗಿ ಖುರ್ಚಿಯಲ್ಲಿ ಕೂತರು. ಅವರ ಬೂಟುಗಳು ಮಿರಮಿರ ಮಿಂಚುತ್ತಿದ್ದವು.

"ಸಾಹೇಬ್ರ, ಓಣಿಯವರು ಎಲ್ಲಾರೂ ಒಪ್ಯಾರ್ರಿ," ರಾಮಲಿಂಗ ಫೋನ್ ಚಾಚಿದ. "ನೋಡ್ರಿ, ಈ ಅಜ್ಜೀನ ಕಾಯಿ ಒಡದಾಳ."

"ಒಡದೀನಿ!" ಕಾಶವ್ವನ ಕೋಲು ನೆಲಕ್ಕೆ ಬಡಿಯಿತು. "ದೇವರಿಗೆ ಒಡದೀನಿ, ನಿನಗಲ್ಲ! ದೇವರಿಗೆ ಒಡದ ಕಾಯಿ ನಿನ್ನ ರಸ್ತೆಗೆ ಸಹಿ ಹೆಂಗ ಆಗ್ತೈತೋ? ಕಾಯಿ ಕೈಯಾಗಿಟ್ಟು ಬಾಯಿ ಕಸ್ಕೊಂಡ್ಯೇನು?"

ಓಣಿ ಹೋ ಎಂದಿತು. ಸಾಕ್ಷಿಯ ಮೈಯಲ್ಲಿ ಮಿಂಚು ಹರಿಯಿತು. ಒಳಗೆ ಅವಳ ಅಜ್ಜನ ಗಿರಣಿ. ಕಾಳು ಅಟ್ಟದ ಮೇಲೆ ಏರಿಸಿದ್ದಳು, ಕರೆಂಟು ತೆಗೆದಿದ್ದಳು. ಆದರೂ ತನ್ನ ಕೈಯಾರೆ ಆ ನೆಲಕ್ಕೆ ನೀರು ಬಿಡಬೇಕಲ್ಲ!

'ಅಪ್ಪಾ... ಉಳಿಸಾಕ ಮಾಡಾಕತ್ತೀನಿ.'

"ಸುರೀರಿ!" ಎಂದು ಕೂಗಿದಳು.

ಕೊಡಗಳು ಒಟ್ಟಿಗೆ ಬಾಗಿದವು. ನೀರು ತಾಡಪತ್ರಿಯ ಮೇಲೆ ಬಿತ್ತು. ಒಂದು ಗಳಿಗೆ ತಡೆಯಿತು. ತಗ್ಗು ಹುಡುಕಿತು. ಹೊಸ್ತಿಲು ದಾಟಿ ಸರ್ರನೆ ಒಳಗೆ ನುಗ್ಗಿತು! ಸಾಹೇಬರ ಬೂಟು, ಸಾಕ್ಸು, ಪ್ಯಾಂಟಿನ ಅಂಚು ಎಲ್ಲ ತೊಯ್ದವು. ಅವರು ಎರಡೂ ಕಾಲೆತ್ತಿ ಖುರ್ಚಿಯ ಮೇಲಿಟ್ಟುಕೊಂಡರು. ಚಹಾ ಚೆಲ್ಲಿತು.

"ಏನಿದು! ಏನಿದು!"

"ಇದು ಕೊಡದ ನೀರ್ರಿ ಸಾಹೇಬ್ರ," ಎಂದಳು ಚಾಚಿ. "ಬೆಳಗಾಂವಿ ಮಳಿ ಇನ್ನೂ ಬರೂದೈತಿ!"

ಜನರ ಹಿಂದಿನಿಂದ ಒಂದು ದನಿ ಬಂತು. "ಸರ್, ಮಂಜೂರಾದ ಪ್ಲ್ಯಾನ್ ಪ್ರಕಾರ ಹಳೇ ರಸ್ತೆ ಅಗೀಬೇಕು. ಈ ಗೆರಿ ಪ್ಲ್ಯಾನಿನಾಗ ಇಲ್ಲ."

ಸುಜಯ!

"ಇವಗ ಇಲ್ಲೇನ್ ಕೆಲಸ?" ರಾಮಲಿಂಗ ಸಿಡಿದ. "ಲೇ, ನೌಕರಿ ಮ್ಯಾಲ ಆಸೆ ಐತಿಲ್ಲೋ?"

"ಐತ್ರಿ. ಭಾಳ ಐತಿ. ಅದಕ್ಕ ರಜಾ ಹಾಕಿ ಬಂದು ನನ್ನ ನೌಕರಿ ಮಾಡಾಕತ್ತೀನಿ." ಅವನು ಸಾಹೇಬರ ಕಡೆ ತಿರುಗಿದ. "ಫೋಟೋದಾಗ ತಾಟು ಹಿಡದಾವ ನಾನ ಸರ್. ತಾಟು ಹಿಡದಾಗಲೂ ಬ್ಯಾಡ ಅಂದಿದ್ದೆ. ಈಗಲೂ ಬ್ಯಾಡ ಅಂತೀನಿ. ಈ ಮಂದಿ ಒಪ್ಪಿಲ್ಲ. ಯಾರೂ ಇವರನ್ನ ಕೇಳೇ ಇಲ್ಲ."

ಸುತ್ತ ಹತ್ತಾರು ಫೋನುಗಳು ಎದ್ದು ನಿಂತಿದ್ದವು. ಸಾಹೇಬರು ಫೋನುಗಳನ್ನು ನೋಡಿದರು, ಬೂಟು ನೋಡಿದರು, ಕೆಂಪು ಗೆರೆ ನೋಡಿದರು. ಅವರ ಮನ ಕರಗಿತೆಂದು ಹೇಳುವಷ್ಟು ಹುಚ್ಚಿ ಈ ಕಥೆಯಲ್ಲಿ ಯಾರೂ ಇಲ್ಲ. ಅಧಿಕಾರ ಕರಗುವುದು ಕರುಣೆಗಲ್ಲ, ಎದ್ದು ನಿಂತ ಓಣಿಗೆ!

"ಲಾರಿ ಹಿಂದ ಕಳಸ್ರಿ," ಎಂದರು ಕೊನೆಗೆ. "ಅಗದು ಹಾಕ್ರಿ. ಮೊದಲು ಬೋರ್ಡ್ ಹಾಕ್ರಿ."

ಓಣಿ ಕೇಕೆ ಹಾಕಿತು! ಕಾಶವ್ವ ಚಾಚಿಯನ್ನು ತಬ್ಬಿದಳು. ಆ ಗದ್ದಲದಲ್ಲಿ ಸಾಕ್ಷಿಯ ಕಣ್ಣು ಒಬ್ಬನನ್ನೇ ಹುಡುಕಿ ಹಿಡಿಯಿತು. ಅವನೂ ಅವಳನ್ನೇ ನೋಡುತ್ತಿದ್ದ.

ಸುಜಯನಿಗೆ ಕಚೇರಿಯಿಂದ ಒಂದು ನೋಟಿಸು ಬಂತು, ಅವನು ಉತ್ತರ ಕೊಟ್ಟ. ನೌಕರಿ ಉಳಿಯಿತು, ಖಾನಾಪುರವೂ ಉಳಿಯಿತು. ರಸ್ತೆ ಅಗೆದರು. ಯಾರ ಕೆಲಸ, ಎಷ್ಟು ಆಳ, ಯಾರು ಮಂಜೂರು ಮಾಡಿದ್ದು ಎಂದು ಎಲ್ಲರಿಗೂ ಕಾಣುವಂತೆ ಬರೆದ ಬೋರ್ಡು ಓಣಿಯ ಬಾಯಲ್ಲಿ ನಿಂತಿತು. ಹೊಸ ಕಾಂಕ್ರೀಟ್ ಹೊಸ್ತಿಲಿಗಿಂತ ಕೆಳಗೆ ಕೂತು ಗಟ್ಟಿಯಾಯಿತು.

ಒಂದು ಸಂಜೆ ಮಳೆ ಬಂತು. ಎಂಥ ಮಳೆ! ಆಕಾಶವೇ ಹರಿದು ಬಿದ್ದ ಹಾಗೆ. ಓಣಿಯವರೆಲ್ಲ ಬಾಗಿಲಿಗೆ ಬಂದು ಉಸಿರು ಬಿಗಿಹಿಡಿದು ನೋಡಿದರು. ನೀರು ಬಂತು, ಹೊಸ್ತಿಲ ಕೆಳಗೇ ಹರಿದು, ತನ್ನ ದಾರಿ ಹಿಡಿದು ಹೋಯಿತು.

"ಹೋತು! ಹೋತು ನೋಡ್ರಿ!" ಸಾಕ್ಷಿ ಚಪ್ಪಾಳೆ ತಟ್ಟಿ ಕುಣಿದಳು.

ಆಗಲೇ ತೊಪ್ಪೆಯಾದ ಬೈಕೊಂದು ಬಂದು ನಿಂತಿತು. ಖಾನಾಪುರದಿಂದ ಮಳೆಯಲ್ಲೇ ಬಂದಿದ್ದ ಅವನು.

"ಮಳಿ ಬಂತಲ್ಲ... ನಿಮ್ಮ ಹೊಸ್ತಿಲ ನೆನಪಾತು," ಎಂದ, ಹಲ್ಲು ಕಡಕಡ ನಡುಗಿಸುತ್ತಾ. "ರಸ್ತೆ ಮುಗೀತು. ಈಗ ಹೇಳಬಹುದು. ಸಾಕ್ಷಿ ಅವರ, ನಾನು ಆವತ್ತ..."

"ನಿಲ್ರಿ! ನಾ ಮೊದಲ." ಅವಳ ಎದೆ ಮಳೆಗಿಂತ ಜೋರಾಗಿ ಬಡಿಯುತ್ತಿತ್ತು. "ಎಂಥಾ ಸಾಹೇಬ ಬಂದ್ರೂ ನನಗ ಪ್ರಶ್ನೆ ತಪ್ಪಂಗಿಲ್ರಿ. ನಿಮ್ಮನ್ನ ಕಂಡ್ರ ಮಾತ್ರ... ಏನ್ ಕೇಳಬೇಕು ಅನ್ನೂದ ಮರೀತದ. ನೀವು ಹೋದ ಮ್ಯಾಲ ಎಲ್ಲಾ ನೆನಪಾಗ್ತದ. ಮತ್ತ ನೀವು ಬೇಕು ಅನಸ್ತದ. ಇದಕ್ಕ... ಪ್ರೀತಿ ಅಂತಾರೇನ್ರಿ?"

ಸುಜಯನ ಕಣ್ಣು ತೊಯ್ದದ್ದು ಮಳೆಗೋ ಮಾತಿಗೋ!

"ನಾ ಹೇಳಾಕ ಬಂದದ್ದೂ ಅದನ್ನ. ನೀನಂದ್ರ ನನಗ ಜೀವ, ಸಾಕ್ಷಿ. ಗೆರಿ ಬಳ್ಯಾಕ ಬಂದ ದಿನದಿಂದ..."

"ಬಾಗಲದಾಗ ನಿಂತು ಏನ್ ಪಿಸುಪಿಸು?" ಒಳಗಿನಿಂದ ಕಾಶವ್ವನ ಕೂಗು ಬಂತು. "ಓಣಿಗೆಲ್ಲಾ ಕೇಳೂವಂಗ ಹೇಳ್ರಿ! ನಮ್ಮ ಓಣ್ಯಾಗ ಇನ್ನ ಮುಚ್ಚುಮರಿ ನಡ್ಯಂಗಿಲ್ಲ!"

ಪಕ್ಕದ ಕಿಟಕಿಯಲ್ಲಿ ಬಿಲ್ಕೀಸ ಚಾಚಿ ಪಕಪಕ ನಕ್ಕಳು. ಸಾಕ್ಷಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವನು ಮೆಲ್ಲಗೆ ಆ ಕೈಗಳನ್ನು ಬಿಡಿಸಿದ, ಆದರೆ ಬಿಡಲಿಲ್ಲ.

"ಇನ್ನೂ ಪ್ರಶ್ನೆ ಅದಾವೇನು?"

"ಭಾಳ ಅದಾವ. ಈ ಜನ್ಮಕ್ಕ ಮುಗಿಯಂಗಿಲ್ಲ."

"ಹಂಗಾರ ನಾ ಎಲ್ಲೂ ಹೋಗಂಗಿಲ್ಲ. ಒಂದೊಂದ ಕೇಳು."

ಅವಳು ಅವನ ತೊಯ್ದ ಕೂದಲನ್ನು ಹಣೆಯಿಂದ ಸರಿಸಿದಳು. ಮೊದಲ ಸಲ, 'ರೀ' ಇಲ್ಲದೆ, ಪಿಸುಗುಟ್ಟಿದಳು.

"ಮೊದಲನೇದು... ಊಟ ಮಾಡೀಯೇನು?"

"ಇಲ್ಲ."

"ಹಂಗಾರ ಒಳಗ ಬಾ."